ಸೇವೆ ಮಾಡುವವರೂ ದಣಿಯುತ್ತಾರೆ

(ಜುಮಾ ಪ್ರವಚನದ ಸಂಗ್ರಹ)

 



ಕಳೆದ ಜುಮಾದಂದು ನಾವು ಗಾಝಾದ ಜನರಿಗಾಗಿ ದುಆ ಮಾಡಿದೆವು. ನಮಾಝ್ ಮುಗಿಸಿ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಬ್ಬ ಯುವಕ ಬಳಿಗೆ ಬಂದ. "ಮೌಲಾನಾ, ಕಷ್ಟದಲ್ಲಿರುವವರಿಗೆ ಎಲ್ಲರೂ ದುಆ ಮಾಡುತ್ತಾರೆ. ಅವರಿಗೆ ಸಹಾಯ ಮಾಡುವವರಿಗೆ ಯಾರು ಮಾಡುತ್ತಾರೆ?" ಎಂದು ಕೇಳಿದ. ಇದು ಬರೀ ಚರ್ಚೆಯ ಪ್ರಶ್ನೆಯಲ್ಲ ಎಂದು ಅವನ ಮುಖ ನೋಡಿದಾಗಲೇ ಗೊತ್ತಾಯಿತು. ಅವನ ತಂಗಿ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಓದಿದವಳು. ಎರಡು ವರ್ಷ ಕೆಲಸ ಮಾಡಿ ಬಿಟ್ಟು ಮನೆಗೆ ಬಂದಿದ್ದಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ, ಯಾರಾದರೂ ತಮ್ಮ ಕಷ್ಟ ಹೇಳಲು ಶುರು ಮಾಡಿದರೆ ಎದ್ದು ಒಳಗೆ ಹೋಗುತ್ತಾಳೆ. ಮನೆಯಲ್ಲಿ ಮಾಮುವಿನಿಂದ ಹಿಡಿದು ಖಾಲಾವರೆಗೆ ಎಲ್ಲರೂ ಒಂದೇ ಮಾತು ಹೇಳುತ್ತಾರಂತೆ: "ನಿನಗೆ ಸಬ್ರ್ ಇಲ್ಲ. ಈಮಾನ್ ಗಟ್ಟಿ ಇದ್ದವರು ಹೀಗೆ ಕೂರುವುದಿಲ್ಲ." ಆ ಹುಡುಗಿ ಅರಬ್ ನಾಡುಗಳ ಸಮಾಜಸೇವಕರ ಬಗ್ಗೆ ಓದಿಕೊಂಡಿದ್ದ ಕೆಲವು ಹಾಳೆಗಳನ್ನು ಅಣ್ಣನ ಕೈಯಲ್ಲಿ ನನಗೆ ಕಳುಹಿಸಿದ್ದಳು. ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: "ಇವರಿಗೂ ಈಮಾನ್ ಇಲ್ಲವೇ?"

ಈ ವಾರ ಆ ಹಾಳೆಗಳನ್ನು ಓದಿದೆ. ಬೇರೆ ಕಡೆಯಿಂದಲೂ ಸ್ವಲ್ಪ ತಿಳಿದುಕೊಂಡೆ. ಇವತ್ತು ಅದರ ಬಗ್ಗೆಯೇ ಮಾತನಾಡುತ್ತೇನೆ.

ಮೊದಲು ಹೆಸರಿನ ವಿಷಯ. ಕೆಲಸದಲ್ಲಿ ಬರುವ ಈ ರೀತಿಯ ದಣಿವಿಗೆ ಇಂಗ್ಲಿಷಿನಲ್ಲಿ ಬರ್ನ್‌ಔಟ್ ಎನ್ನುತ್ತಾರೆ. ಅರಬಿಯಲ್ಲಿ 'ಇಹ್ತಿರಾಕ್' ಎನ್ನುತ್ತಾರೆ, ಅಂದರೆ ಉರಿದುಹೋಗುವುದು. 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಈ ಬಗ್ಗೆ ಬರೆದರು. ಹಗಲಿಗೆ ತಮ್ಮ ಕೆಲಸ ಮುಗಿಸಿ ರಾತ್ರಿ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರು ಅವರು. ಅಲ್ಲಿ ಎಲ್ಲರಿಗಿಂತ ಹೆಚ್ಚು ಹುಮ್ಮಸ್ಸಿನಿಂದ ಬಂದ ಸ್ವಯಂಸೇವಕರೇ ಕೆಲವು ತಿಂಗಳಲ್ಲಿ ಕುಸಿಯುತ್ತಿರುವುದನ್ನು ಅವರು ಕಂಡರು. ತಾವೂ ಹಾಗೆ ಕುಸಿದರು. ಗಮನಿಸಿ, ಸೋಮಾರಿಗಳಿಗಲ್ಲ, ಮನಸ್ಸಿಟ್ಟು ದುಡಿದವರಿಗೇ ಇದು ಬಂದದ್ದು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಎಂಬ ಇಬ್ಬರು ಮಹಿಳೆಯರು ಇದನ್ನು ಅಳೆಯುವ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ಮೂರು ಲಕ್ಷಣಗಳಿವೆ: ಮನಸ್ಸು ಬರಿದಾಗುವುದು, ಎದುರಿಗೆ ಕುಳಿತವನು ಮನುಷ್ಯನಂತೆ ಕಾಣದೆ ಒಂದು ಫೈಲಿನಂತೆ ಕಾಣುವುದು, 'ನನ್ನಿಂದ ಯಾರಿಗೂ ಏನೂ ಉಪಕಾರವಾಗಲಿಲ್ಲ' ಎಂದು ಅನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ರೋಗವಲ್ಲ, ಕೆಲಸದ ಸ್ಥಳದಲ್ಲಿ ಹುಟ್ಟುವ ಸ್ಥಿತಿ ಎಂದು ದಾಖಲಿಸಿತು. ಅಂದರೆ ಇದರ ಬೇರು ಕೆಲಸದಲ್ಲಿದೆ. ಆ ಹುಡುಗಿಯ ಮಾಮು ಈ ಒಂದು ವಾಕ್ಯ ಕೇಳಿದರೂ ಸಾಕಿತ್ತು.

ಆದರೆ ಅಮೆರಿಕದಲ್ಲಿ ಮಾಡಿದ ಪ್ರಶ್ನಾವಳಿ ಎಲ್ಲ ಸಮಾಜಗಳಿಗೂ ಹೊಂದುತ್ತದೆಯೇ? ಆ ಹಾಳೆಗಳಲ್ಲಿದ್ದ ಮುಖ್ಯ ವಿಷಯ ಇದೇ.

ಅರಬ್ ಸಮಾಜದಲ್ಲಿ ಸಮಾಜಕಾರ್ಯ ಎಂಬ ವೃತ್ತಿ ಹೊಸದಲ್ಲ. ಈಜಿಪ್ಟಿನಲ್ಲಿ 1930ರ ದಶಕದಲ್ಲೇ ಅದರ ಶಾಲೆಗಳು ಶುರುವಾದವು. ನಮ್ಮಲ್ಲಿ ಮುಂಬಯಿಯ ಟಾಟಾ ಸಂಸ್ಥೆ ಶುರುವಾದದ್ದೂ ಅದೇ ಕಾಲಕ್ಕೆ, 1936ರಲ್ಲಿ. ಅರಬಿಯಲ್ಲಿ ಈ ವೃತ್ತಿಯ ಹೆಸರು 'ಅಲ್ ಖಿದ್ಮಾ ಅಲ್ ಇಜ್ತಿಮಾಇಯ್ಯಾ'. ನಾವು ಖಿದ್ಮತ್ ಎನ್ನುತ್ತೇವಲ್ಲ, ಅದೇ ಪದ. ಫೆಲೆಸ್ತೀನಿಗಳು ಸಮಾಜಸೇವಕನನ್ನು 'ಆಮಿಲ್ ಇಜ್ತಿಮಾಈ' ಎಂದು ಕರೆಯುತ್ತಾರೆ. ಈ 'ಆಮಿಲ್' ಪದವನ್ನು ನೆನಪಿಡಿ, ಮುಂದೆ ಅದರ ವಿಷಯಕ್ಕೆ ಬರುತ್ತೇನೆ.

ಇಸ್ರೇಲಿನ ಒಳಗೆ ನಾಗರಿಕರಾಗಿ ಬದುಕುತ್ತಿರುವ ಫೆಲೆಸ್ತೀನಿ ಅರಬರ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿನ ಜನಸಂಖ್ಯೆಯಲ್ಲಿ ಅವರು ಸುಮಾರು ಐದರಲ್ಲಿ ಒಂದು ಪಾಲು. ಅಲ್ಲಿ ಸಮಾಜಸೇವಾ ಕಚೇರಿ ಇರುವುದು ಆಯಾ ಊರಿನ ಸ್ಥಳೀಯ ಆಡಳಿತದಲ್ಲಿ. ಹಾಗಾಗಿ ಅರಬ್ ಸಮಾಜಸೇವಕಿ ಹೆಚ್ಚಾಗಿ ತನ್ನ ಊರಿನಲ್ಲೋ ಪಕ್ಕದ ಊರಿನಲ್ಲೋ ಕೆಲಸ ಮಾಡುತ್ತಾಳೆ. ಆ ಊರಿನಲ್ಲಿ 'ಹಮೂಲಾ' ಇದೆ, ಅಂದರೆ ನೂರಾರು ಮನೆಗಳ ಒಂದೇ ಕುಲ. ಬೆಳಿಗ್ಗೆ ಅವಳ ಮೇಜಿನ ಮುಂದೆ ಕೂರುವವನು ಅವಳ ತಂದೆಯ ಚಿಕ್ಕಪ್ಪನ ಮಗ. ಸಂಜೆ ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂರುವವಳು ನಿನ್ನೆ ಗಂಡನ ಹೊಡೆತದ ಬಗ್ಗೆ ಹೇಳಿಕೊಂಡವಳು. ದೊಡ್ಡ ನಗರದ ಸಮಾಜಸೇವಕಿ ಸಂಜೆ ಐದಕ್ಕೆ ಬಾಗಿಲು ಹಾಕಿ ಬೇರೆ ಬಡಾವಣೆಗೆ ಹೋಗಿಬಿಡುತ್ತಾಳೆ. ಇವಳಿಗೆ ಹೋಗಲು ಬೇರೆ ಊರಿಲ್ಲ. ರಾತ್ರಿ ಬಾಗಿಲು ಬಡಿದು "ಮಗಳೇ, ಆ ಭತ್ಯೆಯ ಅರ್ಜಿ ಏನಾಯಿತು?" ಎಂದು ಕೇಳುವ ಮುದುಕಿಗೆ "ನಾಳೆ ಕಚೇರಿಗೆ ಬನ್ನಿ" ಎಂದು ಹೇಳಲು ಅವಳಿಗೆ ನಾಲಿಗೆ ಬರುವುದಿಲ್ಲ. ಹೇಳಿದರೆ ತಾಯಿಯೇ ಬೈಯುತ್ತಾಳೆ.

ಮನೆ ಭೇಟಿಗೆ ಹೋದರೆ ಕಾಫಿ ಬರುತ್ತದೆ. ಕುಡಿಯದೆ ಎದ್ದರೆ ಮನೆಯವರಿಗೆ ಅವಮಾನ. ಕುಡಿಯುತ್ತಾ ಕುಳಿತರೆ ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಬೇಕು, ಅಷ್ಟು ಹೊತ್ತಿಗೆ ಇನ್ನೂ ನಾಲ್ಕು ಮನೆ ಬಾಕಿ ಇರುತ್ತದೆ. ಇದು ನಮಗೆ ಅರ್ಥವಾಗುವ ಸಂಕಟ. ನಮ್ಮ ಮನೆಗಳಲ್ಲೂ ಚಾ ಕುಡಿಯದೆ ಹೋಗುವವರನ್ನು ಯಾರು ಬಿಡುತ್ತಾರೆ?

ಇನ್ನೂ ಕಷ್ಟದ್ದು ಕಾನೂನು. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಅಧಿಕಾರಿಗಳಿಗೆ ತಿಳಿಸಲೇಬೇಕು ಎಂಬ ಕಾನೂನು ಇಸ್ರೇಲಿನಲ್ಲಿ 1989ರಲ್ಲಿ ಬಂತು. ತಿಳಿಸಿದರೆ ಪೊಲೀಸರು ಬರುತ್ತಾರೆ. ಊರವರ ಕಣ್ಣಿಗೆ ಅದು ಮಗುವನ್ನು ರಕ್ಷಿಸಿದಂತೆ ಕಾಣುವುದಿಲ್ಲ. ನಮ್ಮ ಭೂಮಿ ಕಿತ್ತುಕೊಂಡ ಸರಕಾರದ ಪೊಲೀಸರನ್ನು ನಮ್ಮವಳೇ ನಮ್ಮ ಮನೆಗೆ ಕರೆತಂದಳು ಎಂದು ಕಾಣುತ್ತದೆ. ತಿಳಿಸದಿದ್ದರೆ ಕಾನೂನಿನ ಮುಂದೆ ಅವಳು ತಪ್ಪಿತಸ್ಥೆ. ಅದಕ್ಕಿಂತ ಹೆಚ್ಚಾಗಿ ಆ ಮಗುವಿನ ಮುಂದೆ, ಅಲ್ಲಾಹನ ಮುಂದೆ ತಪ್ಪಿತಸ್ಥೆ. ಒಂದು ಕಡೆ ಅಮಾನತ್, ಇನ್ನೊಂದು ಕಡೆ ಊರಿನ ಮಾನ. ಈ ಎರಡರ ನಡುವೆ ಪ್ರತಿದಿನ ನಿಲ್ಲುವವಳ ಮನಸ್ಸು ಹೇಗಿರಬಹುದು, ಯೋಚಿಸಿ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾರಿಗೆ ಬೇಸರವಾದರೂ ಸರಿ: ಮಗುವನ್ನು ಹಿಂಸಿಸುವುದು ಕುಟುಂಬದ ಗುಟ್ಟಲ್ಲ, ಝುಲ್ಮ್. ಅದನ್ನು ಮುಚ್ಚಿಡುವ ಮಾನ ನಮ್ಮ ದೀನಿನಲ್ಲಿಲ್ಲ.

ಈಗ ಆ ಪ್ರಶ್ನಾವಳಿಗೆ ಹಿಂದಿರುಗೋಣ. 'ಎದುರಿಗಿರುವವರ ಬಗ್ಗೆ ನಿಮ್ಮ ಮನಸ್ಸು ಕಲ್ಲಾಗಿದೆಯೇ' ಎಂಬ ಅರ್ಥದ ಪ್ರಶ್ನೆಗೆ ಆ ಸಮಾಜಸೇವಕಿ 'ಹೌದು' ಎಂದು ಹೇಗೆ ಗುರುತು ಹಾಕುತ್ತಾಳೆ? ಎದುರಿಗಿರುವವನು ಅವಳ ರಕ್ತಸಂಬಂಧಿ. ಸಂಬಂಧಿಕರ ಬಗ್ಗೆ ಮನಸ್ಸು ಕಲ್ಲಾಗುವುದು ಅವಳ ಸಮಾಜದಲ್ಲಿ ನಾಚಿಕೆಗೇಡು, ಅವಳ ಧರ್ಮದಲ್ಲಿ ಪಾಪ. ಆದ್ದರಿಂದ ದಣಿವು ಬೇರೆ ದಾರಿಯಿಂದ ಹೊರಗೆ ಬರುತ್ತದೆ: ತಲೆನೋವು, ಎದೆಯ ಬಿಗಿತ, ಬೆನ್ನುನೋವು. ಅರಬರು ಮನಸ್ಸಿನ ನೋವನ್ನು ಹೆಚ್ಚಾಗಿ ದೇಹದ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ ಎಂದು ಬರೆದವರು ಆಲಿಯಾನ್ ಅಲ್ ಕ್ರೆನಾವಿ. ನಕಬ್ ಮರುಭೂಮಿಯ ಬದೂಯಿನ್ ಸಮುದಾಯದಲ್ಲೇ ಹುಟ್ಟಿ, ಅಲ್ಲಿಯೇ ಸಮಾಜಸೇವಕರಾಗಿ ದುಡಿದು ಪ್ರಾಧ್ಯಾಪಕರಾದವರು. ರೋಗಿಗಳ ಬಗ್ಗೆ ಅವರು ಹೇಳಿದ ಈ ಮಾತು ಸೇವಕರಿಗೂ ಸಲ್ಲುತ್ತದೆ ಎಂದು ನನಗನಿಸುತ್ತದೆ. ನಮ್ಮ ಮನೆಯ ಹೆಂಗಸರೂ "ಮನಸ್ಸಿಗೆ ಬೇಜಾರು" ಎನ್ನುವುದಿಲ್ಲ, "ತಲೆ ಸಿಡಿಯುತ್ತಿದೆ" ಎನ್ನುತ್ತಾರೆ. ನಾವು ಮಾತ್ರೆ ತಂದುಕೊಟ್ಟು ನಮ್ಮ ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತೇವೆ.

ಇಷ್ಟು ಕೇಳಿ "ಹಾಗಾದರೆ ಕುಲ, ಸಂಬಂಧ, ಸಂಪ್ರದಾಯ ಇವೇ ಸಮಸ್ಯೆ" ಎಂದು ತೀರ್ಮಾನಿಸಬೇಡಿ. ಹಾಗೆ ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಕಬ್‌ನಲ್ಲಿ ಸರಕಾರ ಮಾನ್ಯ ಮಾಡದ ಹತ್ತಾರು ಬದೂಯಿನ್ ಹಳ್ಳಿಗಳಿವೆ. ಅಲ್ಲಿಗೆ ವಿದ್ಯುತ್ ಜಾಲವಿಲ್ಲ, ಸರಿಯಾದ ರಸ್ತೆಯಿಲ್ಲ. ಮನೆಗಳಿಗೆ ಕೆಡವುವ ನೋಟಿಸು ಬರುತ್ತದೆ. ಅಲ್ಲಿಗೆ ಹೋಗುವ ಸಮಾಜಸೇವಕ ದಣಿಯುವುದು ಆ ಜನ ಅರಬರು ಎಂಬ ಕಾರಣಕ್ಕಲ್ಲ. ನೀರಿಲ್ಲದವನಿಗೆ ಬರೀ ಸಮಾಧಾನದ ಮಾತು ಹೇಳಿ ಬರಬೇಕಾಗಿರುವುದರಿಂದ ದಣಿಯುತ್ತಾನೆ. ಕೊಡಲು ಕೈಯಲ್ಲಿ ಏನೂ ಇಲ್ಲದಿದ್ದಾಗ ಬರುವ ದಣಿವು ಎಲ್ಲಕ್ಕಿಂತ ಕೆಟ್ಟದ್ದು.

ಅದೇ ಸಂಬಂಧಗಳಲ್ಲಿ ಮದ್ದೂ ಇದೆ. ಅಲ್ ಕ್ರೆನಾವಿ ತಮ್ಮ ಸಹಲೇಖಕ ಜಾನ್ ಗ್ರಹಾಂ ಜೊತೆ ಬರೆದ ಒಂದು ಲೇಖನದಲ್ಲಿ 'ಸಾಂಸ್ಕೃತಿಕ ಮಧ್ಯಸ್ಥ' ಎಂಬ ಮಾತು ಬರುತ್ತದೆ. ಎರಡೂ ಕಡೆಯವರು ಗೌರವಿಸುವ ಹಿರಿಯನೊಬ್ಬನನ್ನು ಸಮಾಜಸೇವಕ ಜೊತೆಗೆ ಕರೆದುಕೊಳ್ಳುವುದು. ಅರಬರಲ್ಲಿ ಜಗಳ ಬಿಡಿಸಲು 'ಜಾಹಾ' ಎಂಬ ಹಿರಿಯರ ನಿಯೋಗ ಮನೆಗೆ ಹೋಗುವ ಪದ್ಧತಿ ಇದೆ. ಅದರ ಕೊನೆಗೆ 'ಸುಲ್ಹಾ', ಅಂದರೆ ರಾಜಿ. ಇಪ್ಪತ್ತೈದು ವರ್ಷದ ಹುಡುಗಿ ಒಬ್ಬಳೇ ಹೋಗಿ ಹೇಳಿದರೆ ಕೇಳದ ಮಾತನ್ನು ಬಿಳಿ ಗಡ್ಡದ ಹಿರಿಯ ಜೊತೆಗೆ ನಿಂತರೆ ಕೇಳುತ್ತಾರೆ. ಹುಡುಗಿಯ ತಲೆಯ ಮೇಲಿನ ಭಾರ ಅರ್ಧ ಇಳಿಯುತ್ತದೆ. ಆದರೆ ಆ ಹಿರಿಯ ಮನೆಯಿಂದ ಎದ್ದು ಬರಬೇಕಲ್ಲ!

ಸಹೋದರರೇ, ಮೂಸಾ(ಅ)ರನ್ನು ನೆನಪಿಸಿಕೊಳ್ಳಿ. ತೂರ್ ಪರ್ವತದ ಬಳಿ ಅವರಿಗೆ ಪ್ರವಾದಿತ್ವ ಸಿಕ್ಕಿತು, ಫಿರ್‌ಔನನ ಬಳಿಗೆ ಹೋಗಬೇಕೆಂಬ ಆಜ್ಞೆಯಾಯಿತು. ಕೆಲಸ ಇನ್ನೂ ಶುರುವಾಗಿಯೇ ಇಲ್ಲ. ಆಗಲೇ ಅವರು ತಮ್ಮ ಮನೆಯವರಲ್ಲೇ ಒಬ್ಬ ಸಹಾಯಕ ಬೇಕು, ಅಣ್ಣ ಹಾರೂನ್(ಅ)ರನ್ನು ಜೊತೆ ಮಾಡಿಕೊಡು ಎಂದು ಬೇಡಿಕೊಂಡರು. ಸೂರಃ ತಾಹಾದಲ್ಲಿ ಈ ವಿವರವಿದೆ. ಅಲ್ಲಾಹನು "ನಿನಗೆ ಈಮಾನ್ ಕಡಿಮೆಯಾಯಿತೇ?" ಎಂದು ಕೇಳಲಿಲ್ಲ. ಕೇಳಿದ್ದನ್ನು ಕೊಟ್ಟನು. ಅಲ್ಲಾಹನೇ ನೇರವಾಗಿ ಮಾತನಾಡಿದ ಪ್ರವಾದಿಗೆ ಹೆಗಲು ಕೊಡಲು ಒಬ್ಬ ಅಣ್ಣ ಬೇಕಾಗಿದ್ದರೆ, ಎರಡು ವರ್ಷ ಒಬ್ಬಳೇ ಓಡಾಡಿದ ನಮ್ಮ ಮಗಳ ವಿಷಯದಲ್ಲಿ ನಾವು ಎಷ್ಟು ಬೇಗ ತೀರ್ಪು ಕೊಟ್ಟೆವು!

ಜನರು ಸತ್ಯವನ್ನು ಒಪ್ಪುತ್ತಿಲ್ಲವೆಂದು ಪ್ರವಾದಿ(ಸ)ರು ಎಷ್ಟು ನೊಂದುಕೊಂಡಿದ್ದರೆಂದರೆ, ಆ ದುಃಖದಲ್ಲಿ ತಮ್ಮನ್ನೇ ಸವೆಸಿಕೊಳ್ಳಬೇಡಿ ಎಂಬರ್ಥದ ಸಾಂತ್ವನ ಸೂರಃ ಅಲ್ ಕಹ್ಫ್‌ನ ಆರಂಭದಲ್ಲೇ ಇದೆ. ಸೂರಃ ಅಶ್ಶುಅರಾದಲ್ಲಿ ಮತ್ತೆ ಬರುತ್ತದೆ. ಬೇರೆಯವರ ನೋವನ್ನು ತನ್ನದಾಗಿ ಮಾಡಿಕೊಂಡವನು ಸವೆಯುತ್ತಾನೆ ಎಂಬುದನ್ನು ಕುರ್‌ಆನ್ ಮರೆಮಾಚಿಲ್ಲ.

ಇನ್ನು ಸಬ್ರ್‌ನ ಮಾತು. ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡು ಕೂರುವುದು ಎಂದು ನಮಗೆ ಹೇಳಿಕೊಟ್ಟವರು ಯಾರೋ ಗೊತ್ತಿಲ್ಲ. ಯಅಕೂಬ್(ಅ)ರು ಮಗ ಯೂಸುಫ್(ಅ)ರನ್ನು ಕಳೆದುಕೊಂಡಾಗ ಸುಂದರವಾದ ಸಬ್ರ್ ಮಾಡುತ್ತೇನೆಂದರು. ಅದೇ ಯಅಕೂಬ್(ಅ)ರು ಅತ್ತೂ ಅತ್ತೂ ಕಣ್ಣು ಬೆಳ್ಳಗಾದವು ಎಂದು ಅದೇ ಸೂರಃ ಹೇಳುತ್ತದೆ. ಮನೆಯವರು ಅವರನ್ನು ಆಕ್ಷೇಪಿಸಿದರು, ಹೀಗೆ ಕೊರಗಿ ಸಾಯುತ್ತೀರಾ ಎಂದರು. ನನ್ನ ದುಃಖವನ್ನು ಅಲ್ಲಾಹನಲ್ಲಿ ತೋಡಿಕೊಳ್ಳುತ್ತೇನೆ ಎಂದು ಅವರು ಉತ್ತರಿಸಿದರು. ಸಬ್ರ್ ಮತ್ತು ಕಣ್ಣೀರು ಒಂದೇ ಮನುಷ್ಯನಲ್ಲಿ ಇರಬಲ್ಲವು. ಅಲ್ಲದೆ ಸಬ್ರ್‌ನ ಉಪದೇಶವನ್ನು ನಾವು ಯಾರಿಗೆ ಮಾಡುತ್ತೇವೆ ನೋಡಿ. ಹೆಚ್ಚು ಕೆಲಸ ಹೇರುವವನಿಗಲ್ಲ, ಹೊರುವವನಿಗೆ. ಅಬೂದರ್(ರ) ವರದಿ ಮಾಡಿದ ಒಂದು ಪ್ರಸಿದ್ಧ ಹದೀಸ್ ಬುಖಾರಿಯಲ್ಲಿದೆ. ಕೈಕೆಳಗಿನವರ ಮೇಲೆ ಅವರ ಶಕ್ತಿ ಮೀರಿದ ಭಾರ ಹೊರಿಸಬಾರದು, ಹೊರಿಸಿದರೆ ನೀವೂ ಕೈಜೋಡಿಸಬೇಕು ಎಂಬುದು ಅದರ ಸಾರ. ಅಲ್ಲಿ ಆಜ್ಞೆ ಇರುವುದು ಹೊರಿಸುವವನಿಗೆ.

ಸಲ್ಮಾನ್(ರ) ಮತ್ತು ಅಬೂದರ್ದಾ(ರ)ರ ಘಟನೆ ನಿಮಗೆಲ್ಲ ಗೊತ್ತು. ಪ್ರವಾದಿ(ಸ)ರು ಅವರಿಬ್ಬರನ್ನು ಸಹೋದರರನ್ನಾಗಿ ಮಾಡಿದ್ದರು. ಸಲ್ಮಾನ್(ರ) ಒಮ್ಮೆ ಭೇಟಿಗೆ ಹೋದಾಗ ಮನೆಯ ಸ್ಥಿತಿ ನೋಡಿದರು. ಗಂಡ ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್. ಹೆಂಡತಿ ಅಲಂಕಾರವನ್ನೇ ಬಿಟ್ಟಿದ್ದರು. ಸಲ್ಮಾನ್(ರ) ಭಾಷಣ ಮಾಡಲಿಲ್ಲ. ನೀನು ಉಣ್ಣುವವರೆಗೆ ನಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದು ಉಣಿಸಿದರು. ರಾತ್ರಿ ಎದ್ದರೆ ಮಲಗು ಎಂದರು. ರಾತ್ರಿಯ ಕೊನೆಯ ಜಾವದಲ್ಲಿ ಎಬ್ಬಿಸಿ ಇಬ್ಬರೂ ನಮಾಝ್ ಮಾಡಿದರು. ನಿನ್ನ ಪ್ರಭುವಿಗೂ, ನಿನ್ನ ದೇಹಕ್ಕೂ, ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಸಿದರು. ಪ್ರವಾದಿ(ಸ)ರು ಇದನ್ನು ಕೇಳಿ ಸಲ್ಮಾನ್ ಹೇಳಿದ್ದು ಸತ್ಯ ಎಂದರು. ಈ ಘಟನೆಯಲ್ಲಿ ನನಗೆ ಇಷ್ಟವಾಗುವುದು ಇದು: ದಣಿದವನು ತಾನಾಗಿ ಬಂದು ಹೇಳಿಕೊಳ್ಳಲಿಲ್ಲ. ಸಹೋದರನೇ ಮನೆಗೆ ಹೋಗಿ ನೋಡಿದ.

ಈಗ 'ಆಮಿಲ್' ಪದಕ್ಕೆ ಬರುತ್ತೇನೆ. ಝಕಾತ್ ಯಾರಿಗೆ ಸಲ್ಲಬೇಕು ಎಂದು ಸೂರಃ ಅತ್ತೌಬಾದಲ್ಲಿ ಎಂಟು ವಿಭಾಗ ಹೇಳಲಾಗಿದೆ. ಬಡವರು, ದರಿದ್ರರು, ಅವರ ನಂತರ ಮೂರನೆಯವರು ಆಮಿಲ್‌ಗಳು, ಅಂದರೆ ಝಕಾತ್‌ನ ಕೆಲಸ ಮಾಡುವವರು. ಇಂದು ಫೆಲೆಸ್ತೀನಿನ ಸಮಾಜಸೇವಕಿಗೆ ಇರುವ ಹೆಸರೂ ಅದೇ ಪದ. ಬಡವನಿಗೆಂದು ಎತ್ತಿದ ಹಣದಲ್ಲೇ ಅದನ್ನು ತಲುಪಿಸುವವನ ಪಾಲನ್ನೂ ಅಲ್ಲಾಹನು ಇಟ್ಟಿದ್ದಾನೆ. ಸೇವೆ ಮಾಡುವವನು ಗಾಳಿ ಕುಡಿದು ಬದುಕಲಿ ಎಂದು ಬಿಟ್ಟಿಲ್ಲ. ಉಮರ್(ರ)ರಿಗೆ ಒಮ್ಮೆ ಪ್ರವಾದಿ(ಸ)ರು ಕೆಲಸದ ಪ್ರತಿಫಲ ಕೊಟ್ಟಾಗ, ನನಗಿಂತ ಅಗತ್ಯವಿರುವವರಿಗೆ ಕೊಡಿ ಎಂದು ಅವರು ಹೇಳಿದರು. ಪ್ರವಾದಿ(ಸ)ರು ಒಪ್ಪದೆ ಅವರೇ ತೆಗೆದುಕೊಳ್ಳುವಂತೆ ಮಾಡಿದರು. ನಾವೋ, ಸಂಬಳ ಕೇಳಿದ ಸಮಾಜಸೇವಕಿಗೆ "ಸವಾಬಿನ ಕೆಲಸಕ್ಕೆ ದುಡ್ಡೇ?" ಎನ್ನುತ್ತೇವೆ.

ಗಾಝಾದ ಮಾತಿನಿಂದ ಶುರು ಮಾಡಿದ್ದೆ. ಅಲ್ಲಿ 1990ರಲ್ಲಿ ಡಾ. ಇಯಾದ್ ಅಲ್ ಸರ್ರಾಜ್ ಎಂಬ ಮನೋವೈದ್ಯರು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರವನ್ನು ಕಟ್ಟಿದರು. ಅವರು 2013ರಲ್ಲಿ ತೀರಿಕೊಂಡರು. ಅಲ್ಲಿ ನೋವು ಕೇಳುವವನೂ ಹೇಳುವವನೂ ಒಂದೇ ಬಾಂಬಿನ ಕೆಳಗಿದ್ದವರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಉನ್ರಾದ ಸಿಬ್ಬಂದಿಯಲ್ಲಿ ಬಹುಪಾಲು ಜನ ತಾವೇ ಫೆಲೆಸ್ತೀನಿ ನಿರಾಶ್ರಿತರು. 2023ರ ಅಕ್ಟೋಬರ್‌ನಿಂದೀಚೆಗೆ ಗಾಝಾದಲ್ಲಿ ಅವರ ಪೈಕಿ 300ಕ್ಕೂ ಹೆಚ್ಚು ಮಂದಿ ಕೊಲ್ಲಲ್ಪಟ್ಟಿದ್ದಾರೆ. ಶಿಕ್ಷಕರು, ಆರೋಗ್ಯ ಕಾರ್ಯಕರ್ತರು, ಸಮಾಜಸೇವಕರು. ಮಗುವನ್ನು ಕಳೆದುಕೊಂಡ ತಾಯಿಗೆ ಸಾಂತ್ವನ ಹೇಳುತ್ತಿರುವವಳು ನಿನ್ನೆ ತನ್ನ ಮಗುವನ್ನು ದಫನ ಮಾಡಿ ಬಂದವಳಾಗಿರಬಹುದು. ಬರ್ನ್‌ಔಟ್ ಎಂಬ ಕಚೇರಿಯ ಪದ ಅಲ್ಲಿ ಸಾಲುವುದಿಲ್ಲ. ಆ ಯುವಕನ ಪ್ರಶ್ನೆಗೆ ಉತ್ತರವಾಗಿ ಇವತ್ತಿನ ದುಆದಲ್ಲಿ ಅವರನ್ನು ಸೇರಿಸಿಕೊಳ್ಳೋಣ.

ಆದರೆ ದುಆ ಮಾಡಿ ಮನೆಗೆ ಹೋಗುವ ಮೊದಲು ಎರಡು ವಿಷಯ. ನಮ್ಮ ಬೈತುಲ್‌ಮಾಲ್ ಸಮಿತಿಯಲ್ಲಿ ಐದು ಜನ ಹುಡುಗರಿದ್ದಾರೆ. ಆಸ್ಪತ್ರೆಯ ಬಿಲ್ಲು, ರೇಶನ್ ಕಿಟ್, ಗಂಡ ಹೆಂಡತಿಯ ಜಗಳ, ಜನಾಝಾ, ಎಲ್ಲಕ್ಕೂ ಅವರೇ. ಅವರಲ್ಲೊಬ್ಬ ಕಳೆದ ತಿಂಗಳು ಸಭೆಗೆ ಬರುವುದನ್ನು ನಿಲ್ಲಿಸಿದ. ನಾವು ನೋಟಿಸು ಕಳಿಸಿದೆವು, ಮನೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಇಂದು ಅಸರ್ ನಂತರ ಹೋಗುತ್ತೇನೆ, ಸಮಿತಿಯ ಅಧ್ಯಕ್ಷರೂ ಬರುತ್ತಾರೆ. ಇನ್ನು ಮುಂದೆ ಜನಾಝಾ ಮತ್ತು ಆಸ್ಪತ್ರೆಯ ತುರ್ತು ಬಿಟ್ಟು ಬೇರೆ ಯಾವುದಕ್ಕೂ ಇಶಾ ನಮಾಝಿನ ನಂತರ ಆ ಹುಡುಗರಿಗೆ ಫೋನ್ ಮಾಡಬೇಡಿ. ಮನೆ ಜಗಳದ ವಿಷಯಕ್ಕೆ ಅವರು ಹೋಗುವಾಗ ಮೊದಲ ಸಫ್‌ನಲ್ಲಿ ಕೂರುವ ಹಿರಿಯರಲ್ಲಿ ಒಬ್ಬರು ಜೊತೆಗೆ ಹೋಗಬೇಕು. ಹೆಸರು ಕೊಡುವವರು ನಮಾಝಿನ ನಂತರ ಮುಅಝ್ಝಿನ್‌ರ ಬಳಿ ಬರೆಸಿ.

ಎರಡನೆಯದು, ಆ ತಂಗಿಯ ವಿಷಯ. ಹೆಸರು ಹೇಳುವುದಿಲ್ಲ. ಅವಳು ಕೆಲಸಕ್ಕೆ ಮರಳಬೇಕೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಲಿ. ಬೇಕಾದರೆ ವೈದ್ಯರನ್ನು ನೋಡಲಿ, ಅದರಲ್ಲಿ ಯಾವ ನಾಚಿಕೆಯೂ ಇಲ್ಲ. ಅಲ್ಲಿಯವರೆಗೆ ಅವಳನ್ನು ಮಲಗಲು ಬಿಡಿ. ಹಾಳೆಯ ಮೇಲೆ ಅವಳು ಬರೆದಿದ್ದ ಪ್ರಶ್ನೆಯ ಕೆಳಗೆ ನಾನು ಉತ್ತರ ಬರೆದು ಅಣ್ಣನ ಕೈಯಲ್ಲಿ ವಾಪಸು ಕಳಿಸಿದ್ದೇನೆ: "ಇದೆ, ಮಗಳೇ. ಅವರಿಗೂ ಇದೆ, ನಿನಗೂ ಇದೆ."